ಹಸಿರು ಹಾದಿಯ ಖರ್ಚು ಯಾರ ತಲೆಗೆ? ಯುರೋಪಿನ ಹವಾಮಾನ ಜಗಳದ ಒಳಹೊರಗು

2025ರ ಜೂನ್‌ನಲ್ಲಿ ಆರ್ಸೆಲರ್‌ಮಿತ್ತಲ್ ಕಂಪನಿ ಜರ್ಮನಿ ಸರ್ಕಾರದ ದೊಡ್ಡ ನೆರವೊಂದನ್ನು ಬೇಡವೆಂದಿತು. ಬ್ರೆಮೆನ್ ಮತ್ತು ಐಸೆನ್‌ಹ್ಯುಟನ್‌ಸ್ಟಾಟ್ ಊರುಗಳ ಉಕ್ಕಿನ ಕಾರ್ಖಾನೆಗಳನ್ನು ಕಲ್ಲಿದ್ದಲಿನ ಕುಲುಮೆಯಿಂದ ಬಿಡಿಸಿ, ಮುಂದೆ ಹೈಡ್ರೋಜನ್‌ನಿಂದ ನಡೆಯುವಂತೆ ಮಾಡಲು ಸರ್ಕಾರ ಸುಮಾರು 130 ಕೋಟಿ ಯುರೋ ಕೊಡುವುದಾಗಿ ಹೇಳಿತ್ತು. ವಿದ್ಯುತ್ ದುಬಾರಿ, ಗಾಳಿ-ಬಿಸಿಲಿನಂಥ ಶುದ್ಧ ವಿದ್ಯುತ್ತಿನಿಂದ ತಯಾರಾಗುವ ಹಸಿರು ಹೈಡ್ರೋಜನ್ ಬೇಕಾದಷ್ಟು ಸಿಗುವ ಲಕ್ಷಣವಿಲ್ಲ, ಹೊರಗಿನಿಂದ ಬರುವ ಅಗ್ಗದ ಉಕ್ಕಿನೆದುರು ಈ ಹೂಡಿಕೆ ಗಿಟ್ಟುವುದಿಲ್ಲ ಎಂದು ಕಂಪನಿ ಕೈ ಎತ್ತಿತು.

ಸರ್ಕಾರವೇ ಹಣ ಕೊಟ್ಟರೂ ಹಸಿರಾಗಲು ಕಾರ್ಖಾನೆಯೊಂದು ಒಪ್ಪುವುದಿಲ್ಲ ಎಂದರೆ ಎಲ್ಲೋ ಲೆಕ್ಕ ತಪ್ಪಿದೆ. ಆ ತಪ್ಪು ಎಲ್ಲಿದೆ ಎಂಬುದೇ ಯುರೋಪಿನ ರಾಜಕೀಯದ ಈಗಿನ ದೊಡ್ಡ ವಾಗ್ವಾದ. ಅದರ ಬಿಸಿ ನಮ್ಮಲ್ಲಿಗೂ ಮುಟ್ಟಿದೆ. 2026ರ ಜನವರಿ 1ರಿಂದ ಭಾರತದ ಉಕ್ಕು, ಅಲ್ಯೂಮಿನಿಯಂ ಯುರೋಪಿನ ಗಡಿ ದಾಟುವಾಗ ಇಂಗಾಲದ ಲೆಕ್ಕ ಕೇಳಲಾಗುತ್ತಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿಗೂ ಇನ್ನೊಂದು ನಿಯಮ ಕಾದಿದೆ.

ದೂರದಿಂದ ನೋಡಿದರೆ ಇದು ಹವಾಮಾನ ಬದಲಾವಣೆಯನ್ನು ನಂಬುವವರು ಮತ್ತು ನಂಬದವರ ಜಗಳದಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಬಹುಮಟ್ಟಿಗೆ ಹಣದ ಜಗಳ. ಖರ್ಚು ಯಾರು ಕೊಡಬೇಕು, ಯಾವಾಗ ಕೊಡಬೇಕು, ಸಾಲ ಮಾಡುವುದಾದರೆ ಯಾರ ಹೆಸರಿನಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು, ತೀರ್ಮಾನ ಯಾರದು?

ಐರೋಪ್ಯ ಒಕ್ಕೂಟ ಒಂದು ದೇಶವಲ್ಲ, 27 ದೇಶಗಳ ಕೂಟ. ಬ್ರಸೆಲ್ಸ್‌ನಲ್ಲಿರುವ ಐರೋಪ್ಯ ಆಯೋಗ ಕಾನೂನಿನ ಕರಡು ಮುಂದಿಡುತ್ತದೆ. ಜನರಿಂದ ನೇರವಾಗಿ ಆಯ್ಕೆಯಾದ 720 ಸದಸ್ಯರ ಸಂಸತ್ತು ಮತ್ತು ಸದಸ್ಯ ದೇಶಗಳ ಸಚಿವರ ಮಂಡಳಿ ಎರಡೂ ಒಪ್ಪಿದರೆ ಅದು ಕಾನೂನಾಗುತ್ತದೆ. ಸಚಿವರ ಮಂಡಳಿಯಲ್ಲಿ ಸಾಮಾನ್ಯವಾಗಿ 15 ದೇಶಗಳು ಒಪ್ಪಬೇಕು, ಆ ದೇಶಗಳಲ್ಲಿ ಒಕ್ಕೂಟದ ಶೇ 65ರಷ್ಟು ಜನ ಇರಬೇಕು.

ತೆರಿಗೆಯ ವಿಷಯ ಮಾತ್ರ ಬೇರೆ. ಅಲ್ಲಿ 27 ದೇಶಗಳೂ ಒಪ್ಪಬೇಕು, ಒಂದು ದೇಶ ತಲೆ ಅಲ್ಲಾಡಿಸಿದರೂ ಮುಗಿಯಿತು. 1992ರಲ್ಲೇ ಆಯೋಗ ಇಂಗಾಲ ಮತ್ತು ಇಂಧನದ ಮೇಲೆ ತೆರಿಗೆ ಹಾಕಲು ಹೊರಟು ಇದೇ ಕಾರಣಕ್ಕೆ ಸೋತಿತು. ಆದ್ದರಿಂದ ಬಹುಮತದಲ್ಲೇ ಪಾಸಾಗುವ, ತೆರಿಗೆಯಲ್ಲದ ದಾರಿಯೊಂದನ್ನು ಹುಡುಕಬೇಕಾಯಿತು. ಇಂದು ಯುರೋಪಿನ ಹವಾಮಾನ ನೀತಿಯ ಬೆನ್ನೆಲುಬಾಗಿರುವ ಇಂಗಾಲದ ಮಾರುಕಟ್ಟೆ ಹುಟ್ಟಿದ್ದು ಹೀಗೆ.

ಗ್ರೀನ್ ಡೀಲ್ ಅಂದರೇನು?

2019ರ ಡಿಸೆಂಬರ್‌ನಲ್ಲಿ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೆಯೆನ್ ಪ್ರಕಟಿಸಿದ ಕಾರ್ಯಕ್ರಮದ ಹೆಸರು ಐರೋಪ್ಯ ಗ್ರೀನ್ ಡೀಲ್. ಅದರ ಗುರಿ 2050ರ ಹೊತ್ತಿಗೆ ಯುರೋಪನ್ನು ಇಂಗಾಲ ಸಮತೋಲನಕ್ಕೆ ತರುವುದು. ಅಂದರೆ ಗಾಳಿಗೆ ಬಿಡುವ ಬಿಸಿ ಹೆಚ್ಚಿಸುವ ಅನಿಲ ಎಷ್ಟೋ ಅಷ್ಟನ್ನು ಕಾಡು, ಮಣ್ಣು ಅಥವಾ ಯಂತ್ರಗಳ ಮೂಲಕ ಹಿಂದಕ್ಕೆ ಹೀರಿಕೊಳ್ಳುವುದು. 2021ರಲ್ಲಿ ಇದು ಕಾನೂನಾಯಿತು. 1990ಕ್ಕೆ ಹೋಲಿಸಿದರೆ 2030ರೊಳಗೆ ಹೊರಸೂಸುವಿಕೆ ಕನಿಷ್ಠ ಶೇ 55ರಷ್ಟು ಇಳಿಯಬೇಕು ಎಂಬುದು ನಡುವಿನ ಮೈಲಿಗಲ್ಲು.

ಇದು ಬರೀ ಕಾಗದದ ಮೇಲಿನ ಮಾತಲ್ಲ. 2023ರ ಹೊತ್ತಿಗೆ ಒಕ್ಕೂಟದ ನಿವ್ವಳ ಹೊರಸೂಸುವಿಕೆ 1990ಕ್ಕಿಂತ ಶೇ 37ರಷ್ಟು ಕೆಳಗಿತ್ತು, ಆರ್ಥಿಕತೆ ಶೇ 68ರಷ್ಟು ಬೆಳೆದಿತ್ತು. ಹಸಿರಾದರೆ ಬಡವಾಗುತ್ತೇವೆ ಎನ್ನುವವರಿಗೆ ಈ ಅಂಕಿ ಒಂದು ಉತ್ತರ. ಆದರೆ ಅದರ ಹಿಂದೆ ಇನ್ನೊಂದು ಕಥೆಯೂ ಇದೆ. ಈವರೆಗಿನ ಇಳಿಕೆಯಲ್ಲಿ ದೊಡ್ಡ ಪಾಲು ಬಂದದ್ದು ವಿದ್ಯುತ್ ಸ್ಥಾವರ ಮತ್ತು ಕಾರ್ಖಾನೆಗಳಿಂದ. ಪೂರ್ವ ಯುರೋಪಿನ ಹಳೆಯ ಭಾರಿ ಕೈಗಾರಿಕೆಗಳು 1990ರ ನಂತರ ಬಾಗಿಲು ಹಾಕಿದ್ದೂ ಅದರೊಳಗಿದೆ. ಇನ್ನು ಮುಂದಿನ ಇಳಿಕೆ ಬರಬೇಕಾದದ್ದು ಮನೆಯ ಬಾಯ್ಲರ್‌ನಿಂದ, ಕಾರಿನಿಂದ, ಹೊಲದಿಂದ. ಜನರ ಅಡುಗೆಮನೆಗೂ ಗ್ಯಾರೇಜಿಗೂ ಕಾನೂನು ಕಾಲಿಟ್ಟ ಮೇಲೆ ರಾಜಕೀಯದ ಬಣ್ಣವೇ ಬದಲಾಯಿತು.

ಇಂಗಾಲಕ್ಕೆ ಬೆಲೆ ಕಟ್ಟುವುದು ಹೇಗೆ?

ಕಾಲುವೆ ನೀರಿನ ಪಾಳಿ ಗೊತ್ತಿರುವವರಿಗೆ ಇಂಗಾಲದ ಮಾರುಕಟ್ಟೆ ಕಷ್ಟವೇನಲ್ಲ. ಕಾಲುವೆಗೆ ಬಿಡುವ ನೀರು ಇಷ್ಟೇ ಎಂದು ಮೊದಲೇ ತೀರ್ಮಾನವಾಗಿದೆ, ಪ್ರತಿ ವರ್ಷ ಅದು ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ ಎಂದುಕೊಳ್ಳಿ. ಭತ್ತ ಬಿಟ್ಟು ರಾಗಿಗೆ ಹೊರಳಿದವನಿಗೆ ಅಷ್ಟು ನೀರು ಬೇಡ, ಮಿಕ್ಕ ಪಾಳಿಯನ್ನು ಪಕ್ಕದವನಿಗೆ ಮಾರುತ್ತಾನೆ. ಭತ್ತವೇ ಬೇಕೆನ್ನುವವನು ವರ್ಷದಿಂದ ವರ್ಷಕ್ಕೆ ಹೆಚ್ಚು ಕೊಟ್ಟು ಕೊಳ್ಳಬೇಕಾಗುತ್ತದೆ. ಯಾರೂ ಭತ್ತ ನಿಷೇಧಿಸಲಿಲ್ಲ, ಆದರೂ ಊರು ನಿಧಾನವಾಗಿ ರಾಗಿಯ ಕಡೆ ತಿರುಗುತ್ತದೆ.

2005ರಲ್ಲಿ ಆರಂಭವಾದ ಐರೋಪ್ಯ ವ್ಯವಸ್ಥೆಯಲ್ಲಿ ನೀರಿನ ಜಾಗದಲ್ಲಿರುವುದು ಹೊಗೆ ಬಿಡುವ ಹಕ್ಕು. ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಪರ್ಮಿಟ್. ಸುಮಾರು 10,000 ವಿದ್ಯುತ್ ಸ್ಥಾವರ ಮತ್ತು ಕಾರ್ಖಾನೆಗಳು ಇದರೊಳಗಿವೆ. ಹಲವು ವರ್ಷ ಪರ್ಮಿಟ್‌ನ ಬೆಲೆ 10 ಯುರೋಗಿಂತ ಕೆಳಗೇ ಇತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2023ರ ಫೆಬ್ರುವರಿಯಲ್ಲಿ ಅದು ಮೊದಲ ಬಾರಿ 100 ಯುರೋ ದಾಟಿದಾಗ ಎಲ್ಲರ ಕಿವಿ ನೆಟ್ಟಗಾಯಿತು.

ಉಕ್ಕಿನ ಲೆಕ್ಕವನ್ನೇ ನೋಡಿ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಸರಿಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪರ್ಮಿಟ್‌ಗೆ 75 ಯುರೋ ಎಂದುಕೊಂಡರೂ ಟನ್ ಉಕ್ಕಿನ ಮೇಲೆ 150 ಯುರೋ ಹೊರೆ. ಚೀನಾದ ಅಥವಾ ನಮ್ಮ ಕಾರ್ಖಾನೆಗೆ ಇಷ್ಟು ಹೊರೆ ಇಲ್ಲ. ಹೀಗಾದರೆ ಯುರೋಪಿನ ಕಾರ್ಖಾನೆ ಮುಚ್ಚುತ್ತದೆ, ಉಕ್ಕು ಹೊರಗಿನಿಂದ ಬರುತ್ತದೆ, ಹೊಗೆ ಮಾತ್ರ ಅಷ್ಟೇ ಇರುತ್ತದೆ, ಏಳುವ ಜಾಗ ಬದಲಾಗುತ್ತದೆ. ಇದಕ್ಕೆ ಹೆದರಿ ಒಕ್ಕೂಟ ಉಕ್ಕು, ಸಿಮೆಂಟ್‌ನಂಥ ಉದ್ಯಮಗಳಿಗೆ ಹೆಚ್ಚಿನ ಪರ್ಮಿಟ್‌ಗಳನ್ನು ಪುಕ್ಕಟೆ ಕೊಡುತ್ತಾ ಬಂತು. ಪುಕ್ಕಟೆ ಸಿಕ್ಕರೆ ಬದಲಾಗುವ ತುರ್ತು ಯಾರಿಗಿದೆ? ಪುಕ್ಕಟೆ ನಿಲ್ಲಿಸಬೇಕಾದರೆ ಹೊರಗಿನ ಮಾಲಿಗೂ ಅದೇ ಬೆಲೆ ಹಾಕಬೇಕು. ಗಡಿಯ ಇಂಗಾಲ ಶುಲ್ಕದ ಹಿಂದಿನ ತರ್ಕ ಇಷ್ಟೇ.

ವಿದ್ಯುತ್ ಯಾಕಿಷ್ಟು ದುಬಾರಿ?

ಬ್ರೆಮೆನ್ ಕಾರ್ಖಾನೆ ಕೊಟ್ಟ ಮೊದಲ ಕಾರಣ ಇದೇ. ಯುರೋಪಿನ ಸಗಟು ಮಾರುಕಟ್ಟೆಯಲ್ಲಿ ಪ್ರತಿ ತಾಸಿನ ಬೇಡಿಕೆಯನ್ನು ಅಗ್ಗದ ಸ್ಥಾವರದಿಂದ ಶುರುಮಾಡಿ ದುಬಾರಿಯ ಕಡೆಗೆ ಒಂದೊಂದಾಗಿ ತುಂಬಿಸುತ್ತಾ ಹೋಗುತ್ತಾರೆ. ಕೊನೆಯಲ್ಲಿ ಬೇಕಾದ ಸ್ಥಾವರದ ಬೆಲೆಯೇ ಆ ತಾಸಿಗೆ ಎಲ್ಲರ ಬೆಲೆ. ಆ ಕೊನೆಯ ಸ್ಥಾನದಲ್ಲಿ ಬಹಳ ಸಲ ಇರುವುದು ಅನಿಲ ಸ್ಥಾವರ. ಹಗಲೆಲ್ಲ ಬಿಸಿಲು, ಗಾಳಿಯಿಂದ ಅಗ್ಗದ ವಿದ್ಯುತ್ ಬಂದರೂ ಸಂಜೆಯ ದರ ಅನಿಲದ ದರಕ್ಕೆ ಕಟ್ಟುಬೀಳುತ್ತದೆ.

2021ರಲ್ಲಿ ಒಕ್ಕೂಟ ಆಮದು ಮಾಡಿಕೊಳ್ಳುತ್ತಿದ್ದ ಅನಿಲದಲ್ಲಿ ಶೇ 45ರಷ್ಟು ರಷ್ಯಾದ್ದು. ಉಕ್ರೇನ್ ಯುದ್ಧದ ನಂತರ ಆ ಕೊಳವೆಗಳು ಬಹುಪಾಲು ಬರಿದಾದವು. ಮೊದಲು ಒಂದು ಮೆಗಾವ್ಯಾಟ್ ಅವರ್‌ಗೆ 20 ಯುರೋ ಆಸುಪಾಸಿನಲ್ಲಿದ್ದ ಅನಿಲದ ಬೆಲೆ 2022ರ ಆಗಸ್ಟ್‌ನಲ್ಲಿ 300 ಯುರೋ ದಾಟಿತು. ಆಮೇಲೆ ಇಳಿದರೂ ಹಳೆಯ ಮಟ್ಟಕ್ಕೆ ಮರಳಲಿಲ್ಲ.

ಇಲ್ಲಿಂದ ಎರಡು ವಾದ ಕವಲೊಡೆಯುತ್ತವೆ. ಹಸಿರು ನೀತಿಯೇ ವಿದ್ಯುತ್ತನ್ನು ದುಬಾರಿ ಮಾಡಿತು ಎಂಬುದು ಒಂದು, ಅನಿಲದ ಮೇಲಿನ ಅವಲಂಬನೆಯೇ ದುಬಾರಿ ಮಾಡಿತು ಎಂಬುದು ಇನ್ನೊಂದು. ಅನಿಲ ಸ್ಥಾವರವೂ ಪರ್ಮಿಟ್ ಕೊಳ್ಳಬೇಕಾದ್ದರಿಂದ ಮೊದಲ ವಾದದಲ್ಲಿ ಹುರುಳಿದೆ. ಆದರೆ 2022ರಲ್ಲಿ ಬಿದ್ದ ಪೆಟ್ಟಿನಲ್ಲಿ ಅನಿಲದ ಪಾಲೇ ಬಹಳ ದೊಡ್ಡದು. ಗಾಳಿ, ಬಿಸಿಲಿನ ವಿದ್ಯುತ್ ಹೇರಳವಾಗಿರುವ ಸ್ಪೇನ್‌ನಲ್ಲಿ ಅನಿಲವು ದರ ನಿಗದಿಮಾಡುವ ತಾಸುಗಳು ಕಡಿಮೆ, ಸಗಟು ದರವೂ ಜರ್ಮನಿಗಿಂತ ಕೆಳಗೆ. ಹಾಗೆಂದು ಬರೀ ಸೌರಫಲಕ ಹಾಕಿದರೆ ಸಾಲದು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ನ ಉದ್ದಗಲಕ್ಕೂ ವಿದ್ಯುತ್ ಕಡಿದುಹೋದ ಮೇಲೆ, ತಂತಿಜಾಲ ಮತ್ತು ಶೇಖರಣೆಗೆ ಎಷ್ಟು ಹಣ ಬೇಕು ಎಂಬ ಚರ್ಚೆ ಬಿರುಸಾಯಿತು.

ಅಣುವಿದ್ಯುತ್ತಿನ ವಿಷಯದಲ್ಲಂತೂ ಎತ್ತು ಏರಿಗೆ, ಕೋಣ ನೀರಿಗೆ. ಜರ್ಮನಿ 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಮೂರು ಅಣುಸ್ಥಾವರಗಳನ್ನು ಮುಚ್ಚಿತು. ನೆರೆಯ ಫ್ರಾನ್ಸ್ ತನ್ನ ವಿದ್ಯುತ್ತಿನ ಸುಮಾರು ಮೂರನೇ ಎರಡು ಭಾಗವನ್ನು ಅಣುವಿನಿಂದಲೇ ಪಡೆಯುತ್ತದೆ, ಅದನ್ನೂ ಹಸಿರಿನ ಪಟ್ಟಿಗೆ ಸೇರಿಸಿ ಎಂದು ಹಟ ಹಿಡಿಯುತ್ತದೆ.

ಒಂದು ತೀರ್ಪು, ಸಾವಿರಾರು ಟ್ರ್ಯಾಕ್ಟರ್

ಹಸಿರು ಪರಿವರ್ತನೆಗೆ ಮೊದಲು ಹಣ ಸುರಿಯಬೇಕು, ಲಾಭ ಬರುವುದು ಆಮೇಲೆ. ಅಂಥ ಕೆಲಸಕ್ಕೆ ಸರ್ಕಾರಗಳು ಸಾಲ ಮಾಡುತ್ತವೆ. ಆದರೆ ಯುರೋಪಿನಲ್ಲಿ ಸಾಲಕ್ಕೆ ಕಟ್ಟುಪಾಡಿದೆ. ಸರ್ಕಾರದ ವಾರ್ಷಿಕ ಕೊರತೆ ಜಿಡಿಪಿಯ ಶೇ 3ನ್ನು, ಒಟ್ಟು ಸಾಲ ಶೇ 60ನ್ನು ಮೀರಬಾರದು ಎಂಬುದು 1992ರ ಮಾಸ್ಟ್ರಿಕ್ಟ್ ಒಪ್ಪಂದದಿಂದ ಬಂದ ನಿಯಮ. ಕೋವಿಡ್ ಕಾಲದಲ್ಲಿ ಇದನ್ನು ತಡೆಹಿಡಿದಿದ್ದರು. 2024ರಲ್ಲಿ ತಿದ್ದಿದ ನಿಯಮ ಬಂತು. ದೇಶವೊಂದು ಸಾಲ ಇಳಿಸಲು ನಾಲ್ಕು ವರ್ಷದ ಯೋಜನೆ ಕೊಡಬೇಕು, ಸುಧಾರಣೆ ಮತ್ತು ಹೂಡಿಕೆ ಮಾಡುತ್ತೇನೆಂದು ಒಪ್ಪಿದರೆ ಏಳು ವರ್ಷ ಸಿಗುತ್ತದೆ.

ಜರ್ಮನಿಯ ಕಟ್ಟು ಇದಕ್ಕಿಂತ ಬಿಗಿ. 2009ರಲ್ಲಿ ಅದು ಸಂವಿಧಾನದಲ್ಲೇ ಸಾಲಕ್ಕೆ ತಡೆ ಬರೆದುಕೊಂಡಿತು. ಕೇಂದ್ರ ಸರ್ಕಾರದ ರಚನಾತ್ಮಕ ಕೊರತೆ, ಅಂದರೆ ಆರ್ಥಿಕತೆಯ ತಾತ್ಕಾಲಿಕ ಏರಿಳಿತ ಬಿಟ್ಟು ಉಳಿಯುವ ಕೊರತೆ, ಜಿಡಿಪಿಯ ಶೇ 0.35 ಮೀರುವಂತಿಲ್ಲ. ಈ ಒಂದು ವಾಕ್ಯ ಏನೆಲ್ಲ ಮಾಡಿತು ಎಂಬುದನ್ನು ಸಾವಧಾನವಾಗಿ ನೋಡಬೇಕು, ಯುರೋಪಿನ ಜಗಳದ ಜೀವ ಇರುವುದು ಇಲ್ಲೇ.

ಕೋವಿಡ್‌ಗೆಂದು ಪಡೆದ ಸಾಲದ ಅನುಮತಿಯಲ್ಲಿ 6,000 ಕೋಟಿ ಯುರೋ ಖರ್ಚಾಗದೆ ಉಳಿದಿತ್ತು. ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಒಲಾಫ್ ಶೋಲ್ಟ್ಸ್ ಅವರ ಸರ್ಕಾರ ಅದನ್ನು ಹವಾಮಾನ ನಿಧಿಗೆ ವರ್ಗಾಯಿಸಿತು. 2023ರ ನವೆಂಬರ್ 15ರಂದು ಕಾರ್ಲ್ಸ್‌ರುಹೆಯ ಸಂವಿಧಾನ ನ್ಯಾಯಾಲಯ ಇದು ಸಾಲದ ತಡೆಗೆ ವಿರುದ್ಧವೆಂದು ರದ್ದು ಮಾಡಿತು. ಬಜೆಟ್‌ನಲ್ಲಿ ದಿಢೀರನೆ ದೊಡ್ಡ ಗುಂಡಿ ಬಿತ್ತು. ಡಿಸೆಂಬರ್ ಮಧ್ಯದಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳುವವರ ಸಬ್ಸಿಡಿ ಹೆಚ್ಚುಕಡಿಮೆ ರಾತ್ರೋರಾತ್ರಿ ನಿಂತಿತು. ಜೊತೆಗೆ ರೈತರ ಡೀಸೆಲ್ ರಿಯಾಯಿತಿಗೂ ಕತ್ತರಿ ಹಾಕುವುದಾಗಿ ಸರ್ಕಾರ ಹೇಳಿತು. ಜನವರಿಯ ಚಳಿಯಲ್ಲಿ ಬರ್ಲಿನ್‌ನ ಬ್ರಾಂಡೆನ್‌ಬರ್ಗ್ ಗೇಟ್ ಮುಂದೆ ಸಾವಿರಾರು ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದವು. ಟಿ.ವಿ.ಯಲ್ಲಿ ನೋಡಿದವರಿಗೆ ಅದು ಹಸಿರು ನೀತಿಯ ವಿರುದ್ಧದ ದಂಗೆ. ಅದಕ್ಕೆ ಕಿಡಿ ಹಚ್ಚಿದ್ದು ಮಾತ್ರ ಸಾಲದ ಕಟ್ಟುಪಾಡು.

ಮುಂದಿನ ವರ್ಷವೆಲ್ಲ ಸಮ್ಮಿಶ್ರ ಸರ್ಕಾರದೊಳಗೆ ಇದೇ ಗುದ್ದಾಟ. 2024ರ ನವೆಂಬರ್ 6ರಂದು ಶೋಲ್ಟ್ಸ್ ಹಣಕಾಸು ಸಚಿವ ಕ್ರಿಸ್ಟಿಯಾನ್ ಲಿಂಡ್ನರ್ ಅವರನ್ನು ವಜಾ ಮಾಡಿದರು, ಸರ್ಕಾರ ಮುರಿಯಿತು. 2025ರ ಫೆಬ್ರುವರಿ ಚುನಾವಣೆಯಲ್ಲಿ ಫ್ರೀಡ್ರಿಷ್ ಮೆರ್ಟ್ಸ್ ನೇತೃತ್ವದ ಕನ್ಸರ್ವೇಟಿವ್ ಕೂಟ ಮುಂದೆ ಬಂತು. ಸಾಲದ ತಡೆಯನ್ನು ಸಮರ್ಥಿಸಿಕೊಂಡು ಬಂದಿದ್ದ ಇದೇ ಮೆರ್ಟ್ಸ್ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಲು ಸಂವಿಧಾನ ತಿದ್ದುಪಡಿ ತಂದರು. ಹೊಸ ಸಂಸತ್ತು ಸೇರಿದರೆ ಮೂರನೇ ಎರಡರ ಬಹುಮತ ಸಿಗುವ ಖಾತ್ರಿ ಇರಲಿಲ್ಲವಾದ್ದರಿಂದ ಹಳೆಯ ಸಂಸತ್ತಿನಲ್ಲೇ ಮತಕ್ಕಿಟ್ಟರು. ಗ್ರೀನ್ ಪಕ್ಷದ ಮತಗಳಿಲ್ಲದೆ ಅದು ಪಾಸಾಗುತ್ತಿರಲಿಲ್ಲ. ಹಾಗಾಗಿ 50,000 ಕೋಟಿ ಯುರೋ ಮೂಲಸೌಕರ್ಯ ನಿಧಿಯಲ್ಲಿ 10,000 ಕೋಟಿಯನ್ನು ಹವಾಮಾನ ನಿಧಿಗೆ ಬರೆಸಿಕೊಂಡೇ ಆ ಪಕ್ಷ ಪರವಾಗಿ ಮತ ಹಾಕಿತು.

ಡ್ರಾಘಿ ವರದಿ ಹೇಳಿದ್ದೇನು?

ಒಂದು ದೇಶದ ಗೋಳು ಇದಾದರೆ, ಇಡೀ ಒಕ್ಕೂಟದ ಲೆಕ್ಕ ಹಾಕಿದವರು ಮಾರಿಯೊ ಡ್ರಾಘಿ. ಐರೋಪ್ಯ ಕೇಂದ್ರ ಬ್ಯಾಂಕಿನ ಮಾಜಿ ಅಧ್ಯಕ್ಷರು, ಇಟಲಿಯ ಮಾಜಿ ಪ್ರಧಾನಿ. ಆಯೋಗದ ಕೋರಿಕೆಯಂತೆ 2024ರ ಸೆಪ್ಟೆಂಬರ್‌ನಲ್ಲಿ ಅವರು ಕೊಟ್ಟ ವರದಿಯೇ ಆರ್ಥಿಕ ಸುಧಾರಣೆಯ ಇಂದಿನ ಚರ್ಚೆಗೆ ಆಧಾರ.

ಯುರೋಪಿನ ಕಂಪನಿಗಳು ಅಮೆರಿಕದವರಿಗಿಂತ ವಿದ್ಯುತ್ತಿಗೆ ಎರಡು-ಮೂರು ಪಟ್ಟು, ಅನಿಲಕ್ಕೆ ನಾಲ್ಕೈದು ಪಟ್ಟು ಹೆಚ್ಚು ಕೊಡುತ್ತಿವೆ ಎಂದು ವರದಿ ತೋರಿಸಿತು. ಹೊಸ ತಂತ್ರಜ್ಞಾನದಲ್ಲಿ ಯುರೋಪ್ ಹಿಂದೆ ಬಿದ್ದಿದೆ, 27 ದೇಶಗಳ ನಿಯಮಗಳ ಗೋಜಲಿನಿಂದ ಕಂಪನಿಗಳು ದೊಡ್ಡದಾಗುತ್ತಿಲ್ಲ, ಇಲ್ಲಿನ ಉಳಿತಾಯದ ಹಣ ಅಮೆರಿಕಕ್ಕೆ ಹರಿಯುತ್ತಿದೆ ಎಂದಿತು. ಪರಿಹಾರಕ್ಕೆ ವರ್ಷಕ್ಕೆ ಹೆಚ್ಚುವರಿಯಾಗಿ 75,000ದಿಂದ 80,000 ಕೋಟಿ ಯುರೋ ಹೂಡಿಕೆ ಬೇಕು. ಒಕ್ಕೂಟದ ಜಿಡಿಪಿಯ ಶೇ 4.4ರಿಂದ 4.7ರಷ್ಟು ಅದು.

ಹವಾಮಾನ ಗುರಿಗಳನ್ನು ಕೈಬಿಡಿ ಎಂದು ಡ್ರಾಘಿ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಗುರಿಗಳಿಗೆ ತಕ್ಕ ಕೈಗಾರಿಕಾ ನೀತಿ ಮತ್ತು ಹಣ ಒದಗಿಸಿ, ಅಗ್ಗದ ಶುದ್ಧ ವಿದ್ಯುತ್ ಜನರಿಗೂ ಕಾರ್ಖಾನೆಗೂ ತಲುಪುವಂತೆ ಮಾಡಿ ಎಂಬುದು ಅವರ ವಾದ. ಅದಕ್ಕಾಗಿ ಅಗತ್ಯವಿದ್ದಲ್ಲಿ ಒಕ್ಕೂಟವೇ ಒಟ್ಟಾಗಿ ಸಾಲ ಎತ್ತಬೇಕು ಎಂದರು. ಗಲಾಟೆ ಎದ್ದದ್ದು ಈ ಮಾತಿಗೆ. ಆಗಿನ್ನೂ ಜರ್ಮನಿಯ ಹಣಕಾಸು ಸಚಿವರಾಗಿದ್ದ ಲಿಂಡ್ನರ್ ಅದೇ ದಿನ ತಳ್ಳಿಹಾಕಿದರು.

ಜಂಟಿ ಸಾಲಕ್ಕೆ ಪೂರ್ವನಿದರ್ಶನ ಇಲ್ಲದಿಲ್ಲ. 2020ರ ಜುಲೈನಲ್ಲಿ ಕೋವಿಡ್‌ನಿಂದ ಚೇತರಿಸಿಕೊಳ್ಳಲು 75,000 ಕೋಟಿ ಯುರೋ ನಿಧಿಗೆ ಒಕ್ಕೂಟ ತನ್ನ ಹೆಸರಿನಲ್ಲೇ ಸಾಲ ಎತ್ತಲು ತೀರ್ಮಾನಿಸಿತು. ನೆದರ್ಲೆಂಡ್ಸ್, ಆಸ್ಟ್ರಿಯಾ, ಸ್ವೀಡನ್, ಡೆನ್ಮಾರ್ಕ್ ಆಗಲೇ ಅಡ್ಡ ನಿಂತಿದ್ದವು. ದಕ್ಷಿಣದ ದೇಶಗಳ ಸಾಲವನ್ನು ಕೊನೆಗೆ ತಾವು ತೀರಿಸಬೇಕಾದೀತು ಎಂಬ ಭಯ ಅವಕ್ಕೆ. ಜಿಡಿಪಿಯ ಶೇ 130 ಮೀರಿದ ಸಾಲ ಹೊತ್ತಿರುವ ಇಟಲಿಗೆ ಒಂಟಿಯಾಗಿ ಸಾಲ ಎತ್ತಿದರೆ ಬಡ್ಡಿ ಹೆಚ್ಚು, ಒಟ್ಟಾಗಿ ಎತ್ತಿದರೆ ಕಡಿಮೆ. ಇಬ್ಬರ ವಾದಕ್ಕೂ ಅವರವರ ಕಾರಣವಿದೆ.

ಮನೆಬಾಗಿಲಿಗೆ ಬಂದಾಗ

ಇದರಲ್ಲಿ ಸಾಮಾನ್ಯ ಜನ ಎಲ್ಲಿ ಬರುತ್ತಾರೆ? 2018ರ ನವೆಂಬರ್‌ನಲ್ಲಿ ಫ್ರಾನ್ಸ್‌ನ ಸಣ್ಣ ಊರುಗಳ ಜನ ಹಳದಿ ಜಾಕೆಟ್ ತೊಟ್ಟು ರಸ್ತೆ ವೃತ್ತಗಳಲ್ಲಿ ಕೂತರು. ಇಂಧನ ತೆರಿಗೆ ಏರಿಕೆ ಅವರನ್ನು ಕೆರಳಿಸಿತ್ತು. ಬಸ್ಸಿಲ್ಲದ ಊರಿನಿಂದ ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗುವವರು ಅವರು. ದೊರೆಗಳಿಗೆ ಲೋಕ ಮುಗಿಯುವ ಚಿಂತೆ, ನಮಗೆ ತಿಂಗಳು ಮುಗಿಯುವ ಚಿಂತೆ ಎಂಬರ್ಥದ ಘೋಷಣೆ ಆ ಚಳವಳಿಯಲ್ಲಿ ಹರಡಿತು. ಸರ್ಕಾರ ತೆರಿಗೆ ಏರಿಕೆಯನ್ನು ಕೈಬಿಟ್ಟಿತು. ಅದೇ ದೇಶದಲ್ಲಿ ದುಡ್ಡಿದ್ದವರು ವಿಮಾನ ಹತ್ತುತ್ತಿದ್ದರು, ವಿಮಾನದ ಇಂಧನಕ್ಕೆ ಅಂಥ ತೆರಿಗೆಯೇ ಇರಲಿಲ್ಲ. ಅವರ ಸಿಟ್ಟು ಅರ್ಥವಾಗದ್ದಲ್ಲ.

ಈಗ ಒಕ್ಕೂಟ ಮನೆ ಬಿಸಿಮಾಡುವ ಇಂಧನ ಮತ್ತು ಪೆಟ್ರೋಲ್, ಡೀಸೆಲ್‌ಗೂ ಎರಡನೇ ಇಂಗಾಲ ಮಾರುಕಟ್ಟೆ ತರುತ್ತಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪರ್ಮಿಟ್ ಬೆಲೆ ಟನ್‌ಗೆ 45 ಯುರೋ ಆದರೆ ಲೀಟರ್‌ಗೆ 10 ಸೆಂಟ್‌ನಷ್ಟು ಏರಿಕೆ. ಕೇಳಲು ಸಣ್ಣದು. ಆದರೆ ಕಲ್ಲಿದ್ದಲಿನಿಂದಲೇ ಮನೆ ಬಿಸಿಮಾಡಿಕೊಳ್ಳುವ ಪೋಲೆಂಡಿನ ಬಡ ಕುಟುಂಬಕ್ಕೆ ಚಳಿಗಾಲದ ಲೆಕ್ಕವೇ ಬೇರೆ. ಅಂಥವರ ನೆರವಿಗೆ ಈ ಪರ್ಮಿಟ್ ಮಾರಾಟದ ಆದಾಯದಿಂದ 6,500 ಕೋಟಿ ಯುರೋವರೆಗೆ ಸಾಮಾಜಿಕ ಹವಾಮಾನ ನಿಧಿ ಇಟ್ಟಿದ್ದಾರೆ. ಅದು ಸಾಲದೆಂಬ ದೂರು ಇದೆ. 2027ಕ್ಕೆ ಶುರುವಾಗಬೇಕಿದ್ದ ಈ ಮಾರುಕಟ್ಟೆಯನ್ನು 2028ಕ್ಕೆ ಮುಂದೂಡಲಾಗಿದೆ.

ನನ್ನ ಮಟ್ಟಿಗೆ ಇಡೀ ಚರ್ಚೆಯ ಅತಿ ಸೂಕ್ಷ್ಮ ಜಾಗ ಇದೇ. ಬೆಲೆ ಮೊದಲು ಏರಿ ಪರ್ಯಾಯ ಆಮೇಲೆ ಬಂದರೆ ಜನ ಅದನ್ನು ಶಿಕ್ಷೆ ಎಂದೇ ತಿಳಿಯುತ್ತಾರೆ. ಸ್ವೀಡನ್ 1991ರಿಂದಲೂ ಇಂಗಾಲ ತೆರಿಗೆ ಹಾಕುತ್ತಿದೆ, ಅದು ಲೋಕದ ಅತಿ ಹೆಚ್ಚಿನ ದರಗಳಲ್ಲೊಂದು. ಅಲ್ಲಿ ಊರೂರಿಗೆ ಬಿಸಿನೀರಿನ ಕೊಳವೆ ಜಾಲ ಇತ್ತು, ತೆರಿಗೆ ಬಂದಾಗ ಜನರಿಗೆ ಹೊರಳಲು ಒಂದು ದಾರಿ ಇತ್ತು.

ಪಕ್ಷಗಳು ಎಲ್ಲಿ ನಿಂತಿವೆ?

2024ರ ಜೂನ್ ಚುನಾವಣೆಯ ನಂತರ ಐರೋಪ್ಯ ಸಂಸತ್ತಿನ ತೂಕ ಬಲಕ್ಕೆ ವಾಲಿತು. ಗ್ರೀನ್ ಗುಂಪು 70ರ ಆಸುಪಾಸಿನಿಂದ 53ಕ್ಕೆ ಇಳಿಯಿತು. ಫಾನ್ ಡೆರ್ ಲೆಯೆನ್ ಅವರದೇ ಮಧ್ಯ-ಬಲ ಗುಂಪು 188 ಸ್ಥಾನಗಳೊಂದಿಗೆ ಅತಿ ದೊಡ್ಡದು. ಗುರಿ ಇರಲಿ, ನಿಯಮ ಕಡಿಮೆಯಾಗಲಿ, ಯಾವ ತಂತ್ರಜ್ಞಾನ ಎಂಬುದನ್ನು ಉದ್ಯಮಕ್ಕೆ ಬಿಡಿ ಎಂಬುದು ಅದರ ನಿಲುವು. ಎಡ ಮತ್ತು ಗ್ರೀನ್ ಗುಂಪುಗಳ ಪ್ರಕಾರ ಸರಳೀಕರಣದ ಹೆಸರಿನಲ್ಲಿ ಕಾನೂನಿನ ಹಲ್ಲು ಕೀಳಲಾಗುತ್ತಿದೆ. ಇನ್ನೂ ಬಲಕ್ಕಿರುವ ಗುಂಪುಗಳು ಗ್ರೀನ್ ಡೀಲನ್ನೇ ಕಿತ್ತುಹಾಕಿ ಎನ್ನುತ್ತವೆ. 2025ರ ನವೆಂಬರ್‌ನಲ್ಲಿ, ಕಂಪನಿಗಳ ಪರಿಸರ ವರದಿ ನಿಯಮ ಸಡಿಲಿಸುವ ಮತದಾನದಲ್ಲಿ ಮಧ್ಯ-ಬಲದವರು ತೀವ್ರ ಬಲದವರ ಜೊತೆ ಸೇರಿ ಗೆದ್ದರು. ಹಿಂದೆ ಹಾಗೆ ಕೈಜೋಡಿಸಲು ಅವರು ಹಿಂಜರಿಯುತ್ತಿದ್ದರು.

ಒಬ್ಬ ವ್ಯಕ್ತಿಯ ಮತಕ್ಕೂ ಇಲ್ಲಿ ತೂಕವಿದೆ. 2024ರ ಜೂನ್ 17ರಂದು, ಹಾಳಾದ ನದಿ, ಜೌಗು, ಕಾಡುಗಳನ್ನು ಮರಳಿ ಚೇತರಿಸುವ ಕಾನೂನಿಗೆ ಬಹುಮತ ಸಾಲದೆ ಬರುವಂತಿತ್ತು. ಆಸ್ಟ್ರಿಯಾದ ಪರಿಸರ ಸಚಿವೆ ಲಿಯೊನೋರೆ ಗೆವೆಸ್ಲರ್ ತಮ್ಮದೇ ಚಾನ್ಸಲರ್ ಬೇಡವೆಂದರೂ ಪರವಾಗಿ ಮತ ಹಾಕಿದರು. ಕಾನೂನು ಪಾಸಾಯಿತು.

ಹಾಗಾದರೆ ಯುರೋಪ್ ಹಿಂದೆ ಸರಿಯುತ್ತಿದೆಯೇ? ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. 2035ರಿಂದ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ತೆರೆ ಎಳೆಯುವ ಕಾನೂನು 2023ರಲ್ಲಿ ಬಂದಿತ್ತು. 2025ರ ಡಿಸೆಂಬರ್‌ನಲ್ಲಿ ಆಯೋಗ ಹೊಗೆ ಇಳಿಕೆಯ ಆ ಗುರಿಯನ್ನು ಶೇ 100ರಿಂದ 90ಕ್ಕೆ ತಗ್ಗಿಸುವ ಪ್ರಸ್ತಾವ ಇಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಸಚಿವರು ರಾತ್ರಿಯಿಡೀ ಕೂತು 2040ರೊಳಗೆ ಹೊರಸೂಸುವಿಕೆಯನ್ನು ಶೇ 90ರಷ್ಟು ಇಳಿಸುವ ಹೊಸ ಗುರಿಗೆ ಒಪ್ಪಿದರು. ಪೋಲೆಂಡ್, ಹಂಗೇರಿ ವಿರೋಧಿಸಿದವು. ಆ 90ರಲ್ಲಿ 5ರಷ್ಟನ್ನು ಬೇರೆ ದೇಶಗಳಲ್ಲಿ ಇಂಗಾಲ ಉಳಿಸಿದ ಕ್ರೆಡಿಟ್ ಕೊಂಡು ತುಂಬಿಸಬಹುದು ಎಂಬ ರಿಯಾಯಿತಿ ಅದರೊಳಗಿದೆ. ಗುರಿ ನಿಂತಿದೆ, ದಾರಿ ಮೆತ್ತಗಾಗುತ್ತಿದೆ.

ಕೊಡಗಿನ ತೋಟ, ತೋರಣಗಲ್ಲಿನ ಕುಲುಮೆ

ಭಾರತದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ. ಇಟಲಿ, ಜರ್ಮನಿ, ಬೆಲ್ಜಿಯಂ ಅದರ ದೊಡ್ಡ ಗಿರಾಕಿಗಳು. ಒಕ್ಕೂಟದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರ್ ಮೀರಿದರೆ ಗಡಿರೇಖೆಯ ನಕ್ಷೆಯೇ ಬೇಕು. ಮರದ ನೆರಳಲ್ಲಿ ಕಾಫಿ ಬೆಳೆಯುವ ನಮ್ಮವರಿಗೆ ಕಾಡು ಕಡಿದಿಲ್ಲ ಎಂದು ಹೇಳುವುದು ಕಷ್ಟವಲ್ಲ, ಕಾಗದದಲ್ಲಿ ತೋರಿಸುವುದು ಕಷ್ಟ. ಕುಟುಂಬಕ್ಕೆ ಪರಂಪರೆಯಿಂದ ಬಂದ ಕೊಡಗಿನ ಜಮ್ಮಾ ಬಾಣೆ ಜಮೀನಿನ ದಾಖಲೆಗಳಲ್ಲಿ ಕುಟುಂಬದ ಮುಖ್ಯಸ್ಥರಾದ ಪಟ್ಟೇದಾರರ ಹೆಸರಿರುತ್ತದೆ, ತೋಟ ಮಾಡುವವರು ಆ ಕುಟುಂಬದ ಬೇರೆಯವರಿರುತ್ತಾರೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿರುವುದರಿಂದ ತಪಾಸಣೆ ಹಗುರ. ಎರಡು ಸಲ ಮುಂದೂಡಿದ ಈ ನಿಯಮ ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆಗೆ, ಸಣ್ಣವರಿಗೆ 2027ರ ಮಧ್ಯಕ್ಕೆ ಜಾರಿಯಾಗಬೇಕು.

ಉಕ್ಕಿನ ಹೊರೆ ಇದಕ್ಕಿಂತ ನೇರ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ ಜೆಎಸ್‌ಡಬ್ಲ್ಯು ಕಾರ್ಖಾನೆ ದೇಶದ ದೊಡ್ಡ ಉಕ್ಕು ಸ್ಥಾವರಗಳಲ್ಲೊಂದು, ನಡೆಯುವುದು ಬಹುಪಾಲು ಕಲ್ಲಿದ್ದಲಿನಿಂದ. ಗಡಿ ಶುಲ್ಕ ಕಟ್ಟುವವರು ಯುರೋಪಿನ ಆಮದುದಾರರು, ಆದರೆ ಅವರು ಅದನ್ನು ನಮ್ಮ ಮಾಲಿನ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಅಲ್ಲಿನ ಪುಕ್ಕಟೆ ಪರ್ಮಿಟ್ ಕಡಿಮೆಯಾದಂತೆ ಈ ಶುಲ್ಕ ಬೆಳೆಯುತ್ತದೆ. 2026ರಲ್ಲಿ ಶೇ 2.5, 2030ರಲ್ಲಿ ಶೇ 48.5, 2034ರಲ್ಲಿ ಪೂರ್ತಿ. ವರ್ಷಕ್ಕೆ 50 ಟನ್‌ಗಿಂತ ಕಡಿಮೆ ತರಿಸುವ ಆಮದುದಾರರಿಗೆ ವಿನಾಯಿತಿ ಇದೆ. ಕಾರ್ಖಾನೆ ತನ್ನ ಹೊಗೆಯ ಪರಿಶೀಲಿತ ಲೆಕ್ಕ ಕೊಡದಿದ್ದರೆ ಒಕ್ಕೂಟವೇ ಹೆಚ್ಚಿನ ಅಂದಾಜು ಹಾಕುತ್ತದೆ. ಬೋಲ್ಟ್, ನಟ್ ಮಾಡುವ ಸಣ್ಣ ಘಟಕಗಳಿಗೆ ಪೆಟ್ಟು ಬೀಳುವುದು ಇಲ್ಲಿ, ಅಂಥ ಲೆಕ್ಕ ಇಡಲು ಅವರ ಬಳಿ ಜನವಿಲ್ಲ.

ಮೂಲ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕೊಟ್ಟಿದ್ದರೆ ಅದನ್ನು ಕಳೆದು ಉಳಿದದ್ದಕ್ಕೆ ಮಾತ್ರ ಶುಲ್ಕ. ಆದ್ದರಿಂದಲೂ ಭಾರತ 2023ರಲ್ಲಿ ಅಧಿಸೂಚಿಸಿದ ತನ್ನದೇ ಇಂಗಾಲ ಕ್ರೆಡಿಟ್ ವಹಿವಾಟಿಗೆ ಮಹತ್ವ ಬಂದಿದೆ. ಹಣ ಅಲ್ಲಿಗೆ ಹೋಗುವ ಬದಲು ಇಲ್ಲೇ ಉಳಿಯಬಹುದು.

ಅಲ್ಲಿಗೆ ಹೋದ ಹಣ ಏನಾಗುತ್ತದೆ? ಕೋವಿಡ್ ಕಾಲದ ಜಂಟಿ ಸಾಲದ ಅಸಲನ್ನು ಒಕ್ಕೂಟ 2028ರಿಂದ 2058ರವರೆಗೆ ತೀರಿಸಬೇಕು. ಅದಕ್ಕೂ ಸೇರಿದಂತೆ ತನ್ನ ಬಜೆಟ್‌ಗೆ ಹೊಸ ಆದಾಯ ಹುಡುಕುತ್ತಿರುವ ಆಯೋಗ, ಗಡಿ ಶುಲ್ಕದ ಶೇ 75ರಷ್ಟನ್ನು ಒಕ್ಕೂಟದ ಖಜಾನೆಗೆ ತರುವ ಪ್ರಸ್ತಾವ ಇಟ್ಟಿದೆ. ಹವಾಮಾನ ಕೆಡಿಸಿದ್ದರಲ್ಲಿ ಹೆಚ್ಚಿನ ಪಾಲು ಶ್ರೀಮಂತ ದೇಶಗಳದ್ದು, ಈಗ ಶುಲ್ಕದ ಹೊರೆಯನ್ನು ನಮ್ಮ ಮೇಲೆ ಹಾಕುವುದು ನ್ಯಾಯವಲ್ಲ ಎಂಬುದು ಭಾರತದ ಆಕ್ಷೇಪ. ಈ ಪ್ರಸ್ತಾವ ಸೇರಿಕೊಂಡಿರುವ 2028-34ರ ಬಜೆಟ್‌ಗೆ ಒಕ್ಕೂಟದ 27 ದೇಶಗಳೂ ಒಮ್ಮತದಿಂದ ಒಪ್ಪಬೇಕು, ಮಾತುಕತೆ ಇನ್ನೂ ನಡೆಯುತ್ತಿದೆ.